ಹಳೆಯ ಅಮೆರಿಕನ್ ಸ್ಪ್ಯಾನರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ತಯಾರಾದ ಹಳೆಯ ಸ್ಪ್ಯಾನರ್, ರೆಂಚ್‌ಗಳ ಬಗ್ಗೆ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಹೊಸಬರಿಗೆ ಬೇಕಾದದ್ದು ಮೊದಲಿದೆ, ಆಳದ್ದು ಕೊನೆಗಿದೆ.

## ಮೊದಲ ಪರಿಚಯ

ಅಂಗಡೀಲಿ ಹೊಸ ಸೆಟ್ಟೇ ಸಿಗುವಾಗ ಈ ತುಕ್ಕು ಹಿಡಿದ ಕಬ್ಬಿಣಕ್ಕೆ ಯಾಕೆ ದುಡ್ಡು ಹಾಕಬೇಕು?

ಬರೀ ಕೆಲಸ ಆಗಬೇಕಿದ್ದರೆ ಹಾಕಬೇಕಾಗಿಲ್ಲ. ಒಳ್ಳೆಯ ಕಂಪನಿಯ ಹೊಸ ಸೆಟ್ ನಿಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಹಳೆಯದರ ಸೆಳೆತ ಬೇರೆ: ಅದನ್ನು ಓದಬಹುದು. ಯಾರು ಮಾಡಿದರು, ಯಾವ ಊರಲ್ಲಿ, ಯಾವ ಪೇಟೆಂಟ್ ಮೇಲೆ, ಯಾವ ಕಾಲದ ಬೋಲ್ಟಿಗೆ ಎನ್ನುವುದೆಲ್ಲ ಅದರ ಮೈಮೇಲೇ ಇರುತ್ತದೆ.

ಹಾರ್ಟ್‌ಫರ್ಡ್ ಊರಿನ ಬಿಲಿಂಗ್ಸ್ ಅಂಡ್ ಸ್ಪೆನ್ಸರ್ ಕಂಪನಿಯ ಓಪನ್ ಸ್ಪ್ಯಾನರ್ ಒಂದನ್ನು ಕೈಗೆತ್ತಿಕೊಳ್ಳಿ. ಹಿಡಿಕೆಯ ಎರಡೂ ಅಂಚು ಉಬ್ಬಿದ್ದು ನಡುಭಾಗ ತಗ್ಗಾಗಿರುವ ಮಾದರಿ ಆದರೆ ಇನ್ನೂ ಒಳ್ಳೆಯದು. ಎಳೆದಾಗ ಬಲ ಬೀಳುವುದು ಅಂಚುಗಳ ಮೇಲೆ, ಹಾಗಾಗಿ ನಡುವಿನ ಉಕ್ಕನ್ನು ಕಡಿಮೆ ಮಾಡಿ ತೂಕ ಇಳಿಸಿದ್ದಾರೆ. ಆ ತಗ್ಗಿನಲ್ಲಿ ಉಬ್ಬಿ ನಿಂತ ಅಕ್ಷರಗಳನ್ನು ಆಮೇಲೆ ಒತ್ತಿದ್ದಲ್ಲ. ಅಚ್ಚಿನಲ್ಲೇ ತಿರುವುಮುರುವಾಗಿ ಕೊರೆದದ್ದು, ಕಾದ ಉಕ್ಕಿನ ಮೇಲೆ ಸುತ್ತಿಗೆ ಬಿದ್ದಾಗ ಮೂಡಿದ್ದು. ಪಕ್ಕದ ಅಂಚಿನಲ್ಲಿ ಬೆರಳಾಡಿಸಿದರೆ ಉದ್ದಕ್ಕೂ ಒಂದು ಗೆರೆ ತಾಗುತ್ತದೆ. ಎರಡು ಅಚ್ಚುಗಳ ಸಂದಿನಿಂದ ಹೊರಚೆಲ್ಲಿದ ಉಕ್ಕನ್ನು ಕತ್ತರಿಸಿ ತೆಗೆದ ಜಾಗ ಅದು. ತಲೆಯ ಎರಡು ಮುಖಗಳಿಗೆ ಮಾತ್ರ ಸಾಣೆ ಹಿಡಿದಿರುತ್ತಾರೆ. ಇಷ್ಟನ್ನೂ ಓದಿ ಮುಗಿಸಿ, ಅದೇ ಸ್ಪ್ಯಾನರಿನಿಂದ ಒಂದು ನಟ್ ಬಿಚ್ಚಬಹುದು. ನಮ್ಮ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಗೋಡೆಗೆ ನೇತುಹಾಕಿ ಸುಮ್ಮನಾಗುವುದು ಈ ವಸ್ತುಗಳಿಗೆ ಸಲ್ಲುವ ಮರ್ಯಾದೆಯಲ್ಲ.

ಹಳೇದು ಅಂದ್ರೆ ಎಷ್ಟು ಹಳೇದು?

ಸಂಗ್ರಹಕಾರರು ಸಾಮಾನ್ಯವಾಗಿ ನೋಡುವುದು 1840ರ ದಶಕದಿಂದ 1960ರ ದಶಕದವರೆಗೆ. ಮೊದಲ ಭಾಗದಲ್ಲಿ ಗಾಡಿ, ಉಗಿಯಂತ್ರ, ಕೃಷಿಯಂತ್ರಗಳ ದಪ್ಪ ಕಾರ್ಬನ್ ಸ್ಟೀಲ್ ರೆಂಚ್‌ಗಳು. ಕಾರು ಬಂದ ಮೇಲೆ ಓಪನ್ ಸ್ಪ್ಯಾನರ್‌ಗಳ ಕಾಲ. 1920ರ ದಶಕದಿಂದ ಕ್ರೋಮ್ ವನೇಡಿಯಂನಂಥ ಮಿಶ್ರ ಉಕ್ಕು ಬಂದು ತಲೆಗಳು ತೆಳ್ಳಗಾದವು. ಬಳಸುವ ಆಸೆ ಇದ್ದವರಿಗೆ 1930ರಿಂದ 1960ರ ನಡುವಿನವು ಹೆಚ್ಚು ಒದಗುತ್ತವೆ.

ಯಾವ ಹೆಸರು ಕಂಡ್ರೆ ಬಿಡಬಾರದು?

ಬಿಲಿಂಗ್ಸ್ ಹೆಸರು ಮೇಲೆ ಬಂತು. ತ್ರಿಕೋನದೊಳಗೆ ಬಿ ಅಕ್ಷರ ಅದರ ಗುರುತು. ಬ್ರೂಕ್ಲಿನ್ ಮತ್ತು ಬಫಲೋದ ಜೆ.ಎಚ್. ವಿಲಿಯಮ್ಸ್ ಕಂಪನಿಯದು ವಜ್ರಾಕೃತಿಯೊಳಗೆ ಡಬ್ಲ್ಯು. ಪೆನ್ಸಿಲ್ವೇನಿಯಾದ ಆಲನ್‌ಟೌನ್‌ನ ಬಾನಿ, ಒಹಾಯೊದ ಫ್ರೀಮಾಂಟ್‌ನ ಹರ್‌ಬ್ರಾಂಡ್, ಶಿಕಾಗೋದ ಆರ್ಮ್‌ಸ್ಟ್ರಾಂಗ್, ಮಿಲ್ವಾಕಿಯ ಬ್ಲ್ಯಾಕ್‌ಹಾಕ್, ಲಾಸ್ ಏಂಜಲೀಸ್‌ನ ಪ್ಲಂಬ್ ಮತ್ತು ಅದರ ಮುಂದುವರಿಕೆಯಾದ ಪ್ರೋಟೊ, ಮಿನೆಸೋಟಾದ ಡುಲೂತ್‌ನ ಡೈಮಂಡ್ ಇವೆಲ್ಲ ನಂಬಬಹುದಾದ ಹೆಸರುಗಳು. 1920ರಲ್ಲಿ ಮಿಲ್ವಾಕಿಯಲ್ಲಿ ಶುರುವಾದ ಸ್ನ್ಯಾಪ್-ಆನ್‌ಗೆ ಯಾವತ್ತೂ ಬೆಲೆ ಹೆಚ್ಚು. ಹೊಸಬರಿಗೆ ನಮ್ಮ ಸಲಹೆ ವಿಲಿಯಮ್ಸ್: ಗುಣಮಟ್ಟಕ್ಕೆ ಹೋಲಿಸಿದರೆ ಅದಕ್ಕೆ ಪೈಪೋಟಿ ಕಡಿಮೆ.

ಮಂಕಿ ರೆಂಚ್, ಪೈಪ್ ರೆಂಚ್, ಸ್ಕ್ರೂ ಸ್ಪ್ಯಾನರ್ ಮೂರೂ ಒಂದೇ ಅಲ್ವಾ?

ಅಲ್ಲ. ಬೇರೆ ಕೆಲಸಕ್ಕೆ ಹಾಕಿದರೆ ನಟ್ ಹಾಳಾಗುತ್ತದೆ. ಮಂಕಿ ರೆಂಚಿನ ದವಡೆಗಳು ನುಣುಪಾಗಿ, ಹಿಡಿಕೆಗೆ ನೇರ ಅಡ್ಡವಾಗಿ ಇರುತ್ತವೆ. ದೊಡ್ಡ ಚೌಕ ನಟ್‌ಗಳಿಗೆ ಅದು. ಪೈಪ್ ರೆಂಚ್ 1869ರಲ್ಲಿ ಡೇನಿಯಲ್ ಸ್ಟಿಲ್ಸನ್ ಪೇಟೆಂಟ್ ಪಡೆದ ಉಪಾಯ. ಅದರ ಮೇಲಿನ ದವಡೆ ಸ್ವಲ್ಪ ಆಡುವಂತಿರುತ್ತದೆ, ಎಳೆದಷ್ಟೂ ಹಲ್ಲುಗಳು ಪೈಪನ್ನು ಕಚ್ಚುತ್ತವೆ. ದುಂಡನೆಯ ಪೈಪಿಗೆ ಅದು ವರ, ನಟ್‌ನ ಮೂಲೆಗಳಿಗೆ ಕಂಟಕ. ನಮ್ಮವರು ಸ್ಕ್ರೂ ಸ್ಪ್ಯಾನರ್ ಎನ್ನುವುದು ಸ್ವೀಡನ್‌ನಲ್ಲಿ ಯೋಹಾನ್ಸನ್ ರೂಪಿಸಿದ ವಿನ್ಯಾಸದ ಪೀಳಿಗೆ. ಅಮೆರಿಕದಲ್ಲಿ ಅದನ್ನು ಮನೆಮಾತಾಗಿಸಿದ್ದು ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ 1907ರಲ್ಲಿ ಶುರುವಾದ ಕ್ರೆಸೆಂಟ್ ಕಂಪನಿ.

ಮಂಕಿ ರೆಂಚ್ ಕಂಡುಹಿಡಿದಿದ್ದು ಬಾಕ್ಸರ್ ಜಾಕ್ ಜಾನ್ಸನ್ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು, ನಿಜಾನಾ?

ಅರ್ಧ ನಿಜ. ಹೆವಿವೇಟ್ ವಿಶ್ವ ಚಾಂಪಿಯನ್ ಆದ ಮೊದಲ ಕರಿಯ ಅಮೆರಿಕನ್ ಜಾಕ್ ಜಾನ್ಸನ್ ಅವರಿಗೆ 1922ರ ಏಪ್ರಿಲ್ 18ರಂದು ರೆಂಚ್ ಒಂದಕ್ಕೆ ಪೇಟೆಂಟ್ ಸಿಕ್ಕಿದ್ದು ದಾಖಲೆಯಲ್ಲಿದೆ. ಆದರೆ ಮಂಕಿ ರೆಂಚ್ ಅದಕ್ಕೂ ಬಹಳ ಹಿಂದಿನದು. ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನ ಲೋರಿಂಗ್ ಕೋಸ್ ತಮ್ಮ ಸುಧಾರಿತ ಸ್ಕ್ರೂ ರೆಂಚಿಗೆ ಪೇಟೆಂಟ್ ಪಡೆದದ್ದು 1841ರಲ್ಲಿ. ಹಿಡಿಕೆ ಹಿಡಿದ ಕೈಯ ಹೆಬ್ಬೆರಳಿನಿಂದಲೇ ದವಡೆ ಸರಿಸಬಹುದಾಗಿದ್ದು ಅದರ ಹೆಚ್ಚುಗಾರಿಕೆ.

## ಕೊಳ್ಳುವಾಗ

ಗುಜರಿ ಅಂಗಡೀಲಿ ನಿಂತಲ್ಲೇ ಹೇಗೆ ಪರೀಕ್ಷೆ ಮಾಡೋದು?

ಜೇಬಿನಲ್ಲಿ ಮೂರು ವಸ್ತು ಇರಲಿ: ಒಂದು ಚಿಂದಿ ಬಟ್ಟೆ, ಅಳತೆ ಗೊತ್ತಿರುವ ಎರಡು ಹೊಸ ಬೋಲ್ಟ್, ಒಂದು ಫೀಲರ್ ಗೇಜ್ (ಸಂದಿಯ ಅಗಲ ಅಳೆಯುವ ತೆಳು ಪಟ್ಟಿಗಳ ಗೊಂಚಲು).

ಮೊದಲು ಬಟ್ಟೆಯಿಂದ ತಲೆ ಒರೆಸಿ ಬಾಯಿಯನ್ನು ಬೆಳಕಿಗೆ ಹಿಡಿಯಿರಿ. ಎರಡು ದವಡೆ ಸಮಾನಾಂತರವಾಗಿರಬೇಕು. ತುದಿಯಲ್ಲಿ ಅಗಲವಾಗಿದ್ದರೆ ಯಾರೋ ಹಿಡಿಕೆಗೆ ಪೈಪ್ ತೂರಿಸಿ ಎಳೆದಿದ್ದಾರೆ ಎಂದು ಲೆಕ್ಕ. ಆಮೇಲೆ ಬೋಲ್ಟ್ ತಲೆ ಕೂರಿಸಿ ನೋಡಿ. ಸಣ್ಣ, ಮಧ್ಯಮ ಅಳತೆಗಳಲ್ಲಿ ಬಾಯಿಗೂ ಬೋಲ್ಟಿಗೂ ನಡುವೆ ಅರ್ಧ ಮಿ.ಮೀ. ಗೇಜ್ ಸಲೀಸಾಗಿ ತೂರಿದರೆ ಕೆಲಸಕ್ಕೆ ಬಾರದು. ರಿಂಗ್ ಸ್ಪ್ಯಾನರ್ ಆದರೆ ಒಳಮೂಲೆಗಳನ್ನು ಒಂದೊಂದಾಗಿ ನೋಡಿ, ಕೂದಲೆಳೆ ಬಿರುಕು ಶುರುವಾಗುವುದು ಅಲ್ಲೇ. ದಾರಕ್ಕೆ ಕಟ್ಟಿ ತೂಗುಬಿಟ್ಟು ತಟ್ಟಿದಾಗ ದೊಡ್ಡ ಬಿರುಕಿದ್ದರೆ ನಾದ ಸತ್ತಂತೆ ಕೇಳುತ್ತದೆ, ಸಣ್ಣ ಬಿರುಕು ಇದರಲ್ಲಿ ಸಿಗದು.

ತಲೆಯ ಹತ್ತಿರ ನೀಲಿ ಅಥವಾ ಕಂದು ಬಣ್ಣದ ಪಟ್ಟೆ ಇದ್ದರೆ ಗ್ಯಾಸ್ ಕಟರ್ ತಾಗಿದೆ, ಅಲ್ಲಿ ಉಕ್ಕು ಮೆತ್ತಗಾಗಿರುತ್ತದೆ. ತೆಳ್ಳಗೆ ಮಾಡಲು ಗ್ರೈಂಡ್ ಹೊಡೆದದ್ದು, ವೆಲ್ಡ್ ಮಾಡಿದ್ದು ಬೇಡ. ಮೇಲ್ಮೈ ತುಕ್ಕಿಗೆ ಹೆದರಬೇಡಿ. ಗುಳಿಬಿದ್ದ ತುಕ್ಕು ದವಡೆಯ ಒಳಮುಖದಲ್ಲಿದ್ದರೆ ಮಾತ್ರ ಬಿಡಿ.

ನಮ್ಮ ಕಡೆ ಇವು ಸಿಗ್ತವಾ?

ಅಮೆರಿಕನ್ ಯಂತ್ರ ಬಂದ ಕಡೆ ಅದರ ಸ್ಪ್ಯಾನರ್ ಕೂಡ ಬಂದಿರುತ್ತದೆ. ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಯುದ್ಧದ ನಡುವೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಸುಪರ್ದಿಗೆ ಹೋಗಿ ವಿಮಾನ ರಿಪೇರಿಯ ಕೇಂದ್ರವಾಯಿತು. 1947ರಿಂದ ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಹಾಗಾಗಿ ಹಳೆಯ ಜೀಪ್ ಗ್ಯಾರೇಜು, ಎಸ್ಟೇಟುಗಳ ಶೆಡ್ಡು, ಗುಜರಿ ರಾಶಿಗಳನ್ನು ಕೆದಕುವುದು ವ್ಯರ್ಥವಲ್ಲ. ಆದರೆ ಅಲ್ಲಿ ಬ್ರಿಟಿಷ್ ಸ್ಪ್ಯಾನರ್‌ಗಳೇ ಹೆಚ್ಚು. ಊರಿನ ಹೆಸರು ಓದದೆ ದುಡ್ಡು ಕೊಡಬೇಡಿ.

ತಮ್ಮ ಅಮೆರಿಕದಲ್ಲಿದ್ದಾನೆ, ಬರುವಾಗ ತರೋಕೆ ಹೇಳಬಹುದಾ?

ಹೇಳಿ, ಅದೇ ಒಳ್ಳೆಯ ದಾರಿ. ಅಂಚೆ, ಕೊರಿಯರ್‌ನಲ್ಲಿ ತರಿಸಿದರೆ ತೂಕದಿಂದಾಗಿ ಸಾಗಣೆ ಖರ್ಚೇ ಸ್ಪ್ಯಾನರಿನ ಬೆಲೆಯನ್ನು ಮೀರುವುದು ಮಾಮೂಲು. ಅಲ್ಲಿ ವಾರಾಂತ್ಯದ ಗ್ಯಾರೇಜ್ ಸೇಲ್‌ಗಳು, ತೀರಿಹೋದವರ ಮನೆ ಸಾಮಾನಿನ ಎಸ್ಟೇಟ್ ಸೇಲ್‌ಗಳು ಹುಡುಕಬೇಕಾದ ಜಾಗ. ಮ್ಯಾಸಚೂಸೆಟ್ಸ್ ಕಡೆಯವರಿಗೆ ಮೇ, ಜುಲೈ, ಸೆಪ್ಟೆಂಬರ್ ತಿಂಗಳಲ್ಲಿ ನಡೆಯುವ ಬ್ರಿಮ್‌ಫೀಲ್ಡ್ ಸಂತೆ ಇದೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 7 ಇಂಚಿಗಿಂತ ಉದ್ದದ ಹತಾರವನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಗಾತ್ರ ಎಷ್ಟೇ ಇರಲಿ, ಎಲ್ಲವನ್ನೂ ಚೆಕ್-ಇನ್ ಪೆಟ್ಟಿಗೆಗೇ ಹಾಕಲಿ. ಎಣ್ಣೆ ಪೂರ್ತಿ ಒರೆಸಿ ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿದರೆ ಪೆಟ್ಟಿಗೆಯೂ ಉಳಿಯುತ್ತದೆ.

ಕ್ರಾಫ್ಟ್ಸ್‌ಮನ್‌ಗೆ ಜೀವಮಾನದ ಗ್ಯಾರಂಟಿ ಅಂತಾರೆ. ಮುರಿದದ್ದನ್ನ ಬದಲಾಯಿಸಿ ಕೊಡ್ತಾರಾ?

ಕೊಟ್ಟರೂ ಕೊಡುವುದು ಈಗಿನ ಸ್ಪ್ಯಾನರ್. ಕ್ರಾಫ್ಟ್ಸ್‌ಮನ್ ಹೆಸರನ್ನು ಅಮೆರಿಕದ ದೊಡ್ಡ ಅಂಗಡಿ ಕಂಪನಿ ಸಿಯರ್ಸ್ 1927ರಲ್ಲಿ ಕೊಂಡುಕೊಂಡಿತು, ತಾನೇ ತಯಾರಿಸದೆ ಬೇರೆ ಬೇರೆ ಕಾರ್ಖಾನೆಗಳಿಂದ ಮಾಡಿಸಿತು. 2017ರಲ್ಲಿ ಆ ಹೆಸರು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಪಾಲಾಯಿತು. ಹಳೆಯ ತುಣುಕನ್ನು ಕೊಟ್ಟು ಹೊಸದು ತರುವುದು ಸಂಗ್ರಹಕ್ಕೆ ನಷ್ಟವೇ.

## ಅಳತೆಯ ಗೊಂದಲ

ಮೇಲೆ 1/2 ಅಂತ ಇದೆ, ಅಳೆದ್ರೆ ಬಾಯಿ 7/8 ಇಂಚು ಬರ್ತಿದೆ. ಕಂಪನಿಯವರೇ ತಪ್ಪು ಮಾಡಿದ್ರಾ?

ತಪ್ಪಿಲ್ಲ. ಹಳೆಯ ಸ್ಪ್ಯಾನರ್‌ಗಳ ಮೇಲೆ ಎಷ್ಟೋ ಸಲ ಬರೆದಿರುವುದು ಬಾಯಿಯ ಅಗಲವಲ್ಲ, ಅದು ತಿರುಗಿಸುವ ಬೋಲ್ಟಿನ ಮೈ ದಪ್ಪ. ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ 1864ರಲ್ಲಿ ಮುಂದಿಟ್ಟ ಪದ್ಧತಿಯಲ್ಲಿ ಬೋಲ್ಟ್ ತಲೆಯ ಅಗಲ ಎಂದರೆ ಮೈ ದಪ್ಪದ ಒಂದೂವರೆ ಪಟ್ಟು, ಅದಕ್ಕೆ 1/8 ಇಂಚು ಸೇರಿಸಿ. ಅರ್ಧ ಇಂಚಿನ ಬೋಲ್ಟಿಗೆ 3/4 ಮತ್ತು 1/8 ಸೇರಿ 7/8 ಆಯಿತು. ಅದೇ ಲೆಕ್ಕದಲ್ಲಿ 5/16ಕ್ಕೆ 19/32, 3/8ಕ್ಕೆ 11/16, 7/16ಕ್ಕೆ 25/32. ಈಗಿನ ಸೆಟ್‌ಗಳಲ್ಲಿ ಕಾಣದ 19/32, 25/32 ಹಳೆಯವುಗಳಲ್ಲಿ ಯಾಕೆ ಸಿಗುತ್ತವೆ ಎನ್ನುವುದಕ್ಕೂ ಇದೇ ಉತ್ತರ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾರು ತಯಾರಕರು ತೂಕ ಇಳಿಸಲು ಚಿಕ್ಕ ತಲೆಯ ಬೋಲ್ಟ್ ತಂದರು: ಅದೇ ಅರ್ಧ ಇಂಚಿಗೆ 3/4, 3/8ಕ್ಕೆ 9/16. ಕೆಲವು ಕಾಲ ಎರಡೂ ಜೊತೆಯಾಗಿ ನಡೆದವು. ಆದ್ದರಿಂದ ಹಳೆಯ ಸ್ಪ್ಯಾನರ್ ಕೊಳ್ಳುವಾಗ ಮೇಲಿನ ಅಂಕಿಯನ್ನು ನಂಬದೆ ವರ್ನಿಯರ್ ಹಿಡಿದು ಬಾಯಿಯನ್ನೇ ಅಳೆಯಿರಿ.

ನನ್ನ ಬೈಕಿನ ಮಿ.ಮೀ. ಬೋಲ್ಟ್‌ಗಳಿಗೆ ಹಾಕಬಹುದಾ?

ಕೆಲವಕ್ಕೆ. 3/4 ಇಂಚು ಎಂದರೆ 19.05 ಮಿ.ಮೀ., 19ರ ಬೋಲ್ಟಿಗೆ ಸರಿಯಾಗಿ ಕೂರುತ್ತದೆ. 19/32 ಎಂದರೆ 15.08, ಅದು 15ಕ್ಕೆ ಆಗುತ್ತದೆ. 7/16 ಎಂದರೆ 11.11, ಅದು 11ಕ್ಕೆ. 9/16ರ 14.29 ಮಿ.ಮೀ. ಬಾಯಿ 14ರ ಬೋಲ್ಟಿನಲ್ಲಿ ಸ್ವಲ್ಪ ಆಡುತ್ತದೆ. ಸಡಿಲಾಗಿರುವ ಬೋಲ್ಟಿಗೆ ಪರವಾಗಿಲ್ಲ, ಬಿಗಿಯಾಗಿ ಕೂತದ್ದಕ್ಕೆ ಬೇಡ. 1/2 ಇಂಚಿನದು (12.7) 13ಕ್ಕೆ ಹತ್ತುವುದಿಲ್ಲ, 12ಕ್ಕೆ ಹಾಕಿದರೆ ಮೂಲೆ ತಿಂದುಹಾಕುತ್ತದೆ.

ಹಳೆಯ ಬುಲೆಟ್ ಇಟ್ಟುಕೊಂಡವರು ಮೋಸ ಹೋಗುವುದು ಇಲ್ಲೇ. ಅದರಲ್ಲಿ ಇಂಚು ಇದೆ, ಆದರೆ ಬ್ರಿಟಿಷ್ ವಿಟ್‌ವರ್ತ್ ಪದ್ಧತಿಯ ಇಂಚು. ಅಮೆರಿಕನ್ ಸ್ಪ್ಯಾನರ್ ಹೊಂದುವುದಿಲ್ಲ. ವಿಲ್ಲೀಸ್ ವಂಶದ ಹಳೆಯ ಜೀಪ್ ಇದ್ದರೆ ಮಾತ್ರ ಇವು ತವರಿಗೆ ಬಂದಂತೆ.

ತಲೆ ಓರೆ ಯಾಕಿರುತ್ತೆ? ಕೆಲವಂತೂ ತುಂಬಾನೇ ಓರೆ.

ಇಕ್ಕಟ್ಟಿನ ಜಾಗಕ್ಕಾಗಿ. ಆರು ಮೂಲೆಯ ನಟ್‌ಗೆ ಓಪನ್ ಸ್ಪ್ಯಾನರ್ 60 ಡಿಗ್ರಿಗೊಮ್ಮೆ ಕೂರುತ್ತದೆ. ತಲೆ 15 ಡಿಗ್ರಿ ಓರೆಯಾಗಿದ್ದರೆ, ಒಮ್ಮೆ ಎಳೆದು ಮಗುಚಿ ಹಾಕಿದಾಗ 30 ಡಿಗ್ರಿ ಜಾಗದಲ್ಲೇ ಕೆಲಸ ಸಾಗುತ್ತದೆ. 22½ ಡಿಗ್ರಿ ಓರೆ ಇರುವುದು ಚೌಕ ನಟ್‌ಗಳ ಕಾಲದ್ದು: ಅವು ಕೂರುವುದು 90 ಡಿಗ್ರಿಗೊಮ್ಮೆ, ಮಗುಚಿದರೆ 45 ಸಾಕು. ಓರೆಯನ್ನು ಅಳೆದರೆ ಅದು ಯಾವ ನಟ್‌ಗೆ ಹುಟ್ಟಿದ್ದು ಎಂದು ಊಹಿಸಬಹುದು.

## ತುಕ್ಕು, ದುರಸ್ತಿ, ಜೋಪಾನ

ತುಕ್ಕು ಬಿಡಿಸೋಕೆ ಟಾಯ್ಲೆಟ್ ಆಸಿಡ್ ಹಾಕಿದ್ರೆ ಬೇಗ ಆಗುತ್ತಲ್ವಾ?

ಬೇಗ ಆಗುತ್ತದೆ, ಸ್ಪ್ಯಾನರೂ ಬೇಗ ಹಾಳಾಗುತ್ತದೆ. ಅದು ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕಿನ ಜೊತೆ ಉಕ್ಕನ್ನೂ ತಿನ್ನುತ್ತದೆ. ಆಗ ಹುಟ್ಟುವ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಇಳಿದು ಅದನ್ನು ಪೆಡಸು ಮಾಡುತ್ತದೆ. ಹಬೆ ತಾಗಿದರೆ ಪಕ್ಕದಲ್ಲಿರುವ ಬೇರೆ ಹತಾರಗಳಿಗೂ ತುಕ್ಕು.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಕರಗಿಸಿ, ಮೊದಲು ಸೋಪಿನಿಂದ ಜಿಡ್ಡು ತೆಗೆದ ಸ್ಪ್ಯಾನರನ್ನು ಪೂರ್ತಿ ಮುಳುಗಿಸಿ. ಅರ್ಧ ಮೇಲೆ ಉಳಿದರೆ ನೀರಿನ ಮಟ್ಟದಲ್ಲಿ ಗೆರೆ ಕೊರೆಯುತ್ತದೆ, ಅದು ಮತ್ತೆ ಹೋಗುವುದಿಲ್ಲ. ಅರ್ಧ ಗಂಟೆಗೊಮ್ಮೆ ತೆಗೆದು ಹಿತ್ತಾಳೆ ಬ್ರಷ್‌ನಿಂದ ಉಜ್ಜಿ. ಎರಡು ಮೂರು ಗಂಟೆ ಸಾಮಾನ್ಯವಾಗಿ ಸಾಕು, ರಾತ್ರಿಯಿಡೀ ಬಿಡಬೇಡಿ. ಆಮೇಲೆ ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ಅದ್ದಿ, ಕುದಿನೀರು ಸುರಿದು, ಬಿಸಿ ಆರುವ ಮೊದಲೇ ಒರೆಸಿ ಎಣ್ಣೆ ಹಚ್ಚಿ. ಹತ್ತು ನಿಮಿಷ ತಡ ಮಾಡಿದರೂ ಕೇಸರಿ ತುಕ್ಕು ಮತ್ತೆ ಹತ್ತುತ್ತದೆ. ಕ್ರೋಮ್ ಲೇಪನ ಎದ್ದಿರುವುದನ್ನು ಆಸಿಡ್‌ನಲ್ಲಿ ಹಾಕಲೇಬೇಡಿ. ಅದು ಲೇಪನದಡಿಗೆ ನುಸುಳಿ ಇನ್ನಷ್ಟು ಎಬ್ಬಿಸುತ್ತದೆ.

ಬ್ಯಾಟರಿ ಚಾರ್ಜರ್ ಹಾಕಿ ತುಕ್ಕು ತೆಗೀತಾರಂತೆ, ಹೇಗೆ?

ಪ್ಲಾಸ್ಟಿಕ್ ಬಕೆಟ್ಟಿಗೆ 10 ಲೀಟರ್ ನೀರು, ಅದಕ್ಕೆ ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ. ಚಾರ್ಜರಿನ ನೆಗೆಟಿವ್ ತಂತಿ ಸ್ಪ್ಯಾನರಿಗೆ, ಪಾಸಿಟಿವ್ ತಂತಿ ಬೇಡವಾದ ಕಬ್ಬಿಣದ ತುಂಡಿಗೆ. ತಲೆಕೆಳಗಾದರೆ ನಿಮ್ಮ ಸ್ಪ್ಯಾನರೇ ಕರಗುತ್ತದೆ. ಎರಡೂ ಒಂದಕ್ಕೊಂದು ತಾಗಕೂಡದು. 12 ವೋಲ್ಟ್, 2ರಿಂದ 6 ಆಂಪಿಯರ್‌ನಲ್ಲಿ ಆರರಿಂದ ಹನ್ನೆರಡು ಗಂಟೆ ಸಾಕು. ಬ್ಯಾಟರಿ ಇಲ್ಲದೆ ಶುರುವೇ ಆಗದ ಹೊಸ ಸ್ಮಾರ್ಟ್ ಚಾರ್ಜರ್ ಇದಕ್ಕೆ ಬಾರದು.

ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಇಳಿಯುತ್ತದೆ. ಹೊರಡುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಅಂಗಳದಲ್ಲಿ ಮಾಡಿ, ಬೆಂಕಿ ಹತ್ತಿರ ತರಬೇಡಿ, ಕೈ ಹಾಕುವ ಮೊದಲು ಸ್ವಿಚ್ ಆರಿಸಿ. ಈ ವಿಧಾನದಲ್ಲೂ ಹೈಡ್ರೋಜನ್ ಉಕ್ಕಿನೊಳಗೆ ಇಳಿಯುತ್ತದೆ. ಬಿಗಿಯಾದ ಕೆಲಸಕ್ಕೆ ಬಳಸುವುದಾದರೆ ತೊಳೆದು ಒಣಗಿಸಿ, ಎಣ್ಣೆ ಹಚ್ಚುವ ಮೊದಲು 190–200 ಡಿಗ್ರಿಯ ಓವನ್‌ನಲ್ಲಿ ಮೂರು ನಾಲ್ಕು ಗಂಟೆ ಇಡಿ. ಅಷ್ಟು ಬಿಸಿಗೆ ಸ್ಪ್ಯಾನರಿನ ಹದ ಕೆಡುವುದಿಲ್ಲ.

ಯುದ್ಧಕಾಲದ್ದು ಒಂದು ಸಿಕ್ಕಿದೆ, ಕ್ರೋಮ್ ಇಲ್ಲ, ಮಂಕು ಬೂದು ಬಣ್ಣ. ಉಜ್ಜಿ ಹೊಳಪು ಬರಿಸಲಾ?

ಮೊದಲು ಕೈ ತಡೆಯಿರಿ. ಎರಡನೇ ಮಹಾಯುದ್ಧದಲ್ಲಿ ಕ್ರೋಮಿಯಂ, ನಿಕ್ಕಲ್ ಸೇನೆಯ ಅಗತ್ಯಗಳಿಗೆ ಮೀಸಲಾದವು. ಹತಾರಗಳಿಗೆ ಕಪ್ಪು ಆಕ್ಸೈಡ್, ಇಲ್ಲವೇ ಕ್ಯಾಡ್ಮಿಯಂ ಲೇಪನ ಬಂತು. ಪ್ಲಂಬ್ ಸ್ಪ್ಯಾನರ್‌ಗಳ ಸಂಖ್ಯೆಯ ಜೊತೆ ಡಬ್ಲ್ಯು-ಎಫ್ ಅಕ್ಷರಗಳಿದ್ದರೆ ಅದು ಯುದ್ಧಕಾಲದ ಲೇಪನದ ಗುರುತು. ಬೂದುಬಣ್ಣದ್ದು ಕ್ಯಾಡ್ಮಿಯಂ ಆಗಿರಬಹುದು. ಅದರ ಪುಡಿ, ಹೊಗೆ ಎರಡೂ ವಿಷ: ವೈರ್ ಬ್ರಷ್, ಮರಳು ಕಾಗದ, ಆಸಿಡ್, ಓವನ್ ಯಾವುದೂ ಬೇಡ. ಸೋಪು ನೀರಿನಿಂದ ತೊಳೆದು, ಎಣ್ಣೆ ಒರೆಸಿ ಇಡಿ. ಆ ಮಂಕೇ ಅದರ ಕಾಲದ ಸಾಕ್ಷಿ.

ಸ್ಕ್ರೂ ಸ್ಪ್ಯಾನರಿನ ಗಾಲಿ ತಿರುಗ್ತಾನೇ ಇಲ್ಲ.

ಇಕ್ಕಳದಿಂದ ತಿರುಗಿಸಬೇಡಿ, ಗಾಲಿಯ ಮೇಲಿನ ಗೀರು ನೆಲಸಮವಾಗುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಎರಡು ದಿನ ಮುಳುಗಿಸಿಡಿ. ಆಮೇಲೆ ಆಡುವ ದವಡೆಯನ್ನು ಮರದ ಸುತ್ತಿಗೆಯಿಂದ ಒಳಕ್ಕೂ ಹೊರಕ್ಕೂ ಮೆತ್ತಗೆ ತಟ್ಟಿ; ಸಿಕ್ಕಿಹಾಕಿಕೊಂಡಿರುವುದು ಸಾಮಾನ್ಯವಾಗಿ ಗಾಲಿಯಲ್ಲ, ದವಡೆ ಜಾರುವ ಕಾಲುವೆ. ಕೂದಲೆಳೆಯಷ್ಟು ಅಲುಗಾಡಿದರೂ ಗೆದ್ದಂತೆ. ಪಿನ್ ಬಿಚ್ಚುವಾಗ ಬಟ್ಟೆಯ ಮೇಲೆ ಬಿಚ್ಚಿ, ಒಳಗಿನ ಸಣ್ಣ ಸ್ಪ್ರಿಂಗ್ ಹಾರಿಹೋದರೆ ಜೋಡಿ ಸಿಗುವುದಿಲ್ಲ. ಬಳಸುವಾಗ ಬಲ ಯಾವಾಗಲೂ ಅಲುಗದ ದವಡೆಯ ಮೇಲೆ ಬೀಳುವಂತೆ ಎಳೆಯಿರಿ.

ನಾವು ಮಂಗಳೂರಿನವರು, ಮಳೆಗಾಲದಲ್ಲಿ ಏನು ಮಾಡೋದು?

ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಹಚ್ಚಿ, ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬರಿಗೈಯಲ್ಲಿ ಮುಟ್ಟಿದ ಮೇಲೆ ಒರೆಸಿ, ಬೆವರಿನ ಉಪ್ಪಿನಿಂದ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಯುತ್ತದೆ. ಅಡುಗೆ ಎಣ್ಣೆಗಳು ಕ್ರಮೇಣ ಅಂಟಾಗುತ್ತವೆ, ಬೇಡ. ತೊಗಲಿನ ಚೀಲ, ಗೋಣಿಚೀಲ ತೇವ ಹಿಡಿದಿಟ್ಟುಕೊಳ್ಳುತ್ತವೆ.

## ಆಳಕ್ಕೆ ಇಳಿದವರಿಗೆ

ಯಾವ ವರ್ಷದ್ದು ಅಂತ ಪತ್ತೆ ಮಾಡೋದು ಹೇಗೆ?

ಪೇಟೆಂಟ್ ಸಂಖ್ಯೆ ಇದ್ದರೆ ಅರ್ಧ ಕೆಲಸ ಆಯಿತು. ಅಮೆರಿಕದ ಪೇಟೆಂಟ್‌ಗಳಲ್ಲಿ 1900ನೇ ಇಸವಿ ಶುರುವಾಗುವುದು 6,40,167ರಿಂದ, 1920 ಶುರುವಾಗುವುದು 13,26,899ರಿಂದ, 1930 ಎಂದರೆ 17,42,181, 1940 ಎಂದರೆ 21,85,170, 1950 ಎಂದರೆ 24,92,944. ಸಂಖ್ಯೆಯ ಬದಲು ಬರೀ ತಾರೀಖು ಇದ್ದರೆ ವಸ್ತು ಬಹುಪಾಲು 1920ರ ದಶಕಕ್ಕೂ ಹಿಂದಿನದು, ಅಥವಾ ಆ ಕಾಲದ ಅಚ್ಚಿನಲ್ಲಿ ಮುಂದೆಯೂ ಹೊಡೆದದ್ದು. ನೆನಪಿಡಿ, ಪೇಟೆಂಟ್ ಹೇಳುವುದು ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ. ಹದಿನೈದು ವರ್ಷ ಆಮೇಲೂ ಅದೇ ಸಂಖ್ಯೆ ಒತ್ತಿರಬಹುದು. ಸ್ನ್ಯಾಪ್-ಆನ್ ವರ್ಷಕ್ಕೊಂದು ಗುರುತು ಹಾಕುತ್ತಿತ್ತು, ಅಂಕಿಯ ಆಕಾರದಲ್ಲೇ ವ್ಯತ್ಯಾಸ ಇರುವುದರಿಂದ ಭೂತಗನ್ನಡಿ ಬೇಕು. ಉಳಿದದ್ದಕ್ಕೆ ಲೇಪನ, ಅಳತೆ ಪದ್ಧತಿ, ಊರಿನ ಹೆಸರು ಮೂರನ್ನೂ ಜೋಡಿಸಿ ನೋಡಬೇಕು.

ಪ್ಲಂಬ್ ಅಂತೀರಿ, ನನ್ನದರ ಮೇಲೆ ಪಿ-ಎಲ್-ವಿ-ಎಂ-ಬಿ ಅಂತಿದೆ. ನಕಲಿನಾ?

ಅಸಲಿ. 1907ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಪ್ಲಂಬ್ ಟೂಲ್ ಕಂಪನಿ ತನ್ನ ಮುದ್ರೆಯಲ್ಲಿ ನಡುವಿನ ಅಕ್ಷರವನ್ನು ವಿ ಆಕಾರದಲ್ಲಿ ಒತ್ತುತ್ತಿತ್ತು. ಫಿಲಡೆಲ್ಫಿಯಾದಲ್ಲಿ ಕೊಡಲಿ, ಸುತ್ತಿಗೆ ಮಾಡುತ್ತಿದ್ದ ಇನ್ನೊಂದು ಪ್ಲಂಬ್ ಕಂಪನಿ ಹೆಸರಿನ ಮೇಲೆ ದಾವೆ ಹೂಡಿತು. 1940ರ ದಶಕದ ಕೊನೆಗೆ ಲಾಸ್ ಏಂಜಲೀಸ್‌ನವರು ಪ್ರೋಟೊ ಎಂಬ ಹೆಸರಿಗೆ ಬದಲಾದರು. ಒಂದು ತುದಿ ಓಪನ್, ಇನ್ನೊಂದು ತುದಿ ಅದೇ ಅಳತೆಯ ರಿಂಗ್ ಇರುವ ಕಾಂಬಿನೇಷನ್ ಸ್ಪ್ಯಾನರನ್ನು 1933ರಲ್ಲಿ ಪೇಟೆಗೆ ತಂದ ಹೆಗ್ಗಳಿಕೆಯೂ ಈ ಕಂಪನಿಯದೇ.

ಹಳೇ ಉಕ್ಕು ಹೊಸದಕ್ಕಿಂತ ಗಟ್ಟಿ ಅಂತ ಎಲ್ಲರೂ ಹೇಳ್ತಾರಲ್ಲ?

ಹೇಳುತ್ತಾರೆ, ನಾವು ಒಪ್ಪುವುದಿಲ್ಲ. ಇಂದಿನ ಒಳ್ಳೆಯ ಕಾರ್ಖಾನೆಗಳಲ್ಲಿ ಉಕ್ಕಿನ ಶುದ್ಧತೆ, ಕುಲುಮೆಯ ತಾಪದ ಹಿಡಿತ ಎರಡೂ ಉತ್ತಮ. 1910ರ ಕಾರ್ಬನ್ ಸ್ಟೀಲ್ ಸ್ಪ್ಯಾನರ್ ದಪ್ಪಗಿರುವುದು ಉಕ್ಕು ಮೇಲಾಗಿದ್ದಕ್ಕಲ್ಲ, ಅಷ್ಟು ದಪ್ಪ ಬೇಕೇಬೇಕಿತ್ತು. ಇನ್ನೊಂದು: ಕೆಟ್ಟವೆಲ್ಲ ಆಗಲೇ ಮುರಿದು ಗುಜರಿಗೆ ಹೋದವು, ನಮ್ಮ ಕೈಗೆ ಸಿಗುವುದು ಉಳಿದುಕೊಂಡವು. ಹಳೆಯದು ನಿಜವಾಗಿ ಗೆಲ್ಲುವುದು ರೂಪದಲ್ಲಿ. 1930ರ ದಶಕದ ಒಳ್ಳೆಯ ರಿಂಗ್ ಸ್ಪ್ಯಾನರಿನ ಗೋಡೆ ಎಷ್ಟು ತೆಳು ಎಂದರೆ ಈಗಿನ ಅಗ್ಗದ ಸೆಟ್ ನುಗ್ಗದ ಸಂದಿಗೆ ಅದು ಹೋಗುತ್ತದೆ.

ಬಾಯಿ ಅಗಲಿದೆ. ವೈಸ್‌ನಲ್ಲಿ ಹಿಸುಕಿಯೋ ಕಾಯಿಸಿಯೋ ಸರಿ ಮಾಡಬಹುದಾ?

ಕೆಲಸಕ್ಕೆ ಬಳಸುವುದಾದರೆ ಬೇಡ. ತಣ್ಣಗೆ ಹಿಸುಕಿದರೆ ಗಂಟಲಿನ ಮೂಲೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡಬಹುದು, ಮುಂದೆ ಜೋರಾಗಿ ಎಳೆದಾಗ ದವಡೆ ಸಿಡಿಯುತ್ತದೆ. ಕೆಂಪಗೆ ಕಾಯಿಸಿದರೆ ಗಡಸುತನ ಹೋಯಿತು. ಅದನ್ನು ಮರಳಿ ತರಲು ಆ ಉಕ್ಕಿನ ಮಿಶ್ರಣ ತಿಳಿದು, ಎಣ್ಣೆಯಲ್ಲಿ ಅದ್ದಿ, ಸರಿಯಾದ ತಾಪದಲ್ಲಿ ಹದಗೊಳಿಸಬೇಕು. ಒಳ್ಳೆಯ ಸ್ಪ್ಯಾನರಿನ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ 40ರಿಂದ 50ರ ಆಸುಪಾಸು ಇರುತ್ತದೆ, ಅದಕ್ಕಿಂತ ಹೆಚ್ಚಾದರೆ ಪೆಡಸು, ಕಡಿಮೆಯಾದರೆ ಮತ್ತೆ ಬಾಯಿ ಬಿಡುತ್ತದೆ. ಅಂಥದ್ದನ್ನು ಅಪರೂಪದ ಹೆಸರಿಗಾಗಿ ಮಾತ್ರ ಇಟ್ಟುಕೊಳ್ಳಿ. ಬಳಸಬಾರದೆಂದು ಹಿಡಿಕೆಗೊಂದು ಚೀಟಿ ಕಟ್ಟಿಡಿ, ಮನೆಯಲ್ಲಿ ಬೇರೆ ಯಾರಾದರೂ ತೆಗೆದುಕೊಂಡು ಹೋಗಿ ಕೈ ಜಜ್ಜಿಕೊಳ್ಳದಿರಲಿ.